ಸೋದರಳಿಯ ಬಿಟ್ಟುಹೋದ ಕಲ್ಲು

ಫಿಜಿ ದ್ವೀಪಗಳ ರಾಜಧಾನಿ ಸುವಾದ ನಟ್ಟನಡುವೆ, ಬಂದರಿನ ಮಾರುಕಟ್ಟೆಯಿಂದ ಗುಡ್ಡದ ಕಡೆಗೆ ಕಾಲು ಗಂಟೆ ನಡೆದರೆ ಸಿಗುವ ಬಡಾವಣೆಯನ್ನು ವಾತುನಿವಸು ಎಂದು ಕರೆಯುತ್ತಾರೆ. ಅಚ್ಚಾದ ನಕ್ಷೆಗಳಲ್ಲಿ ಈ ಹೆಸರನ್ನು ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ಬೇರೇನೋ ಬರೆದಿದೆ. ಆದರೆ ಬಸ್ಸಿನವರು ಕೂಗುವುದು ಇದನ್ನೇ, ಮನೆಯ ಗುರುತು ಹೇಳುವವರು ಹೇಳುವುದೂ ಇದನ್ನೇ. ಇಳಿಜಾರಿನ ಉದ್ದಕ್ಕೂ ತಗಡಿನ ಮಾಡಿನ ಮನೆಗಳು, ಒಂದು ಚರ್ಚು, ಒಂದು ಮಸೀದಿ, ಬಿದಿರಿಗೆ ಕೆಂಪು ಬಾವುಟ ಕಟ್ಟಿದ ಹಿಂದೂಗಳ ಅಂಗಳಗಳು, ಬೆಳಗಾಗುತ್ತಲೇ ರೊಟ್ಟಿಯಲ್ಲಿ ಪಲ್ಯ ಸುತ್ತಿ ಮಾರುವ ಗಾಡಿ. ಬಸ್ ನಿಲ್ದಾಣದ ಪಕ್ಕದಲ್ಲಿ ಮಂಚದಷ್ಟು ಅಗಲವಾದ ಒಂದು ಕಪ್ಪು ಕಲ್ಲಿದೆ. ಅದರ ಮೈಮೇಲೆ ಕೊಡಲಿ ಮಸೆದ ಹಳೆಯ ಗೀರುಗಳಿವೆ. ರಸ್ತೆ ಮಾಡಿದವರು ಅದನ್ನು ಒಡೆಯುವ ಗೋಜಿಗೆ ಹೋಗದೆ, ರಸ್ತೆಯನ್ನೇ ಸ್ವಲ್ಪ ಡೊಂಕು ಮಾಡಿಕೊಂಡು ಹೋಗಿದ್ದಾರೆ.

ಇಲ್ಲಿಯ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದೆ. ಮಕ್ಕಳಿಗೆ ಆಂಡೀಸ್ ಪರ್ವತದ ಎತ್ತರ ಬಾಯಿಪಾಠ ಮಾಡಿಸಿದವನು ಶಾಲೆಯ ಎದುರಿನ ಊರಹೆಸರಿನ ಅರ್ಥ ಕೇಳಿರಲಿಲ್ಲ ಎಂದರೆ ನಾಚಿಕೆಯ ಮಾತೇ. ಕೊನೆಗೆ ಅದನ್ನು ಹೇಳಿದವರು ಮಾರುಕಟ್ಟೆಯಲ್ಲಿ ಕೆಸುವಿನ ಗೆಡ್ಡೆ ಮಾರುತ್ತಿದ್ದ ಅಕೋಸಿತಾ ಎಂಬ ವೃದ್ಧೆ. ಎಲ್ಲರೂ ಅವರನ್ನು ಬೂಬೂ ಎನ್ನುತ್ತಿದ್ದರು, ಎಂದರೆ ಅಜ್ಜಿ. ಈ ಗುಡ್ಡದ ಮೂಲ ಮನೆತನಕ್ಕೆ ಸೇರಿದವರು. "ವಾತು ಅಂದ್ರೆ ಕಲ್ಲು, ವಸು ಅಂದ್ರೆ ಅಕ್ಕತಂಗೀರ ಮಗ. ಇಷ್ಟೂ ಗೊತ್ತಿಲ್ದೆ ಮೇಷ್ಟ್ರು ಹೇಗಾದ್ರಿ?" ಎಂದು ನಕ್ಕು, ಗಿರಾಕಿಗಳನ್ನು ಪಕ್ಕದವಳಿಗೆ ಒಪ್ಪಿಸಿ ಅವರು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ವಸುವಿನ ಕಟ್ಟಳೆಯನ್ನು ತಿಳಿಯಬೇಕು. ತಾಯಿಯ ತವರಿನಲ್ಲಿ ಕಣ್ಣಿಗೆ ಬಿದ್ದ ಯಾವ ವಸ್ತುವನ್ನೂ ಸೋದರಳಿಯ ತನ್ನದೆಂದು ತೆಗೆದುಕೊಂಡು ಹೋಗಬಹುದು. ಹಂದಿ, ಚಾಪೆ, ಕಟ್ಟಿ ಮುಗಿಸಿದ ಹೊಸ ದೋಣಿ, ಏನೂ ಆದೀತು. ಅಳಿಯ ಕೇಳುವುದಿಲ್ಲ, ಮಾವ ಕೊಡುವುದಿಲ್ಲ. ಅವನು ಕೈ ಇಟ್ಟ ಕೂಡಲೇ ಅದು ಅವನದು. ಬಂದಾಗ ಒಮ್ಮೆ ಮಾತ್ರ ಕೈ ಇಡಬೇಕು. ಆಮೇಲೆ ಮಾವ ಪ್ರೀತಿಗೆಂದು ಏನಾದರೂ ಕೊಟ್ಟರೆ ಅದು ಭಿಕ್ಷೆಯಾಗುತ್ತದೆ, ಅಳಿಯನಿಗೆ ಅವಮಾನ. ಏನನ್ನೂ ತೆಗೆದುಕೊಳ್ಳದೆ ಅವನು ಹಿಂದಿರುಗಿದರೆ ತಾಯಿಗೂ ತವರಿಗೂ ಇದ್ದ ನಂಟು ಅಂದಿಗೆ ಹರಿಯಿತೆಂದೇ ಲೆಕ್ಕ. ಅಳಿಯಕಟ್ಟು ನೋಡಿ ಬೆಳೆದ ಕರಾವಳಿಯವನಾದ ನನಗೂ ಇದು ತೀರಾ ಅತಿಯಾಯಿತು ಎನ್ನಿಸಿತ್ತು. ಬೂಬೂಗೆ ಹಾಗೆಂದೆ ಕೂಡ. "ಅತಿ ಅಂತ ನಮಗೂ ಗೊತ್ತು, ಸುಮ್ನೆ ಕೇಳಿ" ಎಂದರು.

ಹಿಂದೆ ಒಮ್ಮೆ, ಸುವಾ ಎಂಬ ಪಟ್ಟಣದ ಸುಳಿವೂ ಇಲ್ಲದಿದ್ದ ಕಾಲದಲ್ಲಿ, ಈ ಗುಡ್ಡದ ಮೇಲೆ ರವುಲೊ ಎಂಬ ಯಜಮಾನನ ಹಳ್ಳಿಯಿತ್ತು ಎನ್ನುತ್ತಾರೆ. ಮಾತಿಗೆ ತಪ್ಪದವನು, ಕಟ್ಟಳೆಯನ್ನು ಕೂದಲೆಳೆಯಷ್ಟೂ ಮೀರದವನು. ಅವನ ತಂಗಿ ಸೆನಿಮಿಲಿಯನ್ನು ಎರಡು ದಿನದ ಸಮುದ್ರಯಾನದ ಆಚೆಯ ಒಂದು ತಗ್ಗು ದ್ವೀಪಕ್ಕೆ ಕೊಟ್ಟಿತ್ತು. ಆ ವರ್ಷ ಒಂದರ ಬೆನ್ನಿಗೆ ಒಂದರಂತೆ ಎರಡು ಚಂಡಮಾರುತಗಳು ಬಂದವು. ಗುಡ್ಡದಲ್ಲಿ ಬಾಳೆಯಾಗಲಿ, ಹಲಸಿನಂಥ ಬ್ರೆಡ್‌ಫ್ರೂಟ್ ಮರವಾಗಲಿ ಒಂದೂ ನಿಲ್ಲಲಿಲ್ಲ. ಕಷ್ಟಕಾಲಕ್ಕೆಂದು ಮಣ್ಣಿನಲ್ಲಿ ಹೂತು ಹುಳಿಬರಿಸಿಟ್ಟಿದ್ದ ಹಣ್ಣು ಮುಗಿದು ಜನ ಕಾಡುಗೆಡ್ಡೆ ಅಗೆದು ತಿನ್ನತೊಡಗಿದರು. ಉಳಿದದ್ದೆಂದರೆ ಕಣಜದಲ್ಲಿದ್ದ ಬಿತ್ತನೆಯ ಉವಿ, ಅಂದರೆ ಮಾರುದ್ದ ಬೆಳೆಯುವ ಬಳ್ಳಿಗೆಣಸು. ಅದು ಮೊಳಕೆ ಒಡೆಯುತ್ತಿತ್ತು. ಹೊಟ್ಟೆ ಹಸಿದು ಕಣ್ಣು ಕತ್ತಲೆ ಬಂದರೂ ಅದನ್ನು ಮುಟ್ಟುವಂತಿರಲಿಲ್ಲ. ಅದನ್ನು ತಿಂದರೆ ಬರುವ ವರ್ಷವನ್ನೇ ತಿಂದಂತೆ.

ನೆಡುವ ದಿನ ಹತ್ತಿರವಾಗುತ್ತಿದ್ದಾಗ ಗುಡ್ಡದ ಹಿಂಬದಿಯ ತೊರೆಗೆ ಒಂದು ದೋಣಿ ಬಂದು ನಿಂತಿತು. ದೋಣಿ ನಡೆಸುವವರನ್ನು ತೊರೆಯ ಬಳಿ ಬಿಟ್ಟು ಹತ್ತಿ ಬಂದವನು ಸೆನಿಮಿಲಿಯ ಮಗ ಸೋಕೊ. ಅವನ ದ್ವೀಪದ ಮೇಲೆ ಕಡಲೇ ಹರಿದುಹೋಗಿತ್ತು. ಉಪ್ಪುನೀರು ನುಗ್ಗಿ ಕಣಜದ ಗೆಣಸೆಲ್ಲ ಕೊಳೆತು, ನೆಡಲು ಒಂದು ಹೋಳೂ ಇರಲಿಲ್ಲ. ತಾಯಿಯ ಊರಿನ ಕಣಜವನ್ನು ತುಂಬಿಕೊಂಡು ಬರುತ್ತೇನೆಂದು ತನ್ನವರಿಗೆ ಮಾತು ಕೊಟ್ಟು ಹೊರಟಿದ್ದನು. ಅವನನ್ನು ಕಂಡ ಗುಡ್ಡದ ಜನರಿಗೆ ಎಲ್ಲವೂ ಅರ್ಥವಾಯಿತು. ರವುಲೊ ಕಣಜದ ಬಾಗಿಲ ಅಡ್ಡಕೋಲನ್ನು ತಾನೇ ತೆಗೆದಿಟ್ಟು ಬಂದು ಅಳಿಯನನ್ನು ತಬ್ಬಿಕೊಂಡನು.

ಬಂದವರಿಗೆ ಮೊದಲು ಉಣಬಡಿಸಬೇಕು. ಮನೆಯವರು ದೂರ ಕುಳಿತು, ಅತಿಥಿ ಉಂಡೆದ್ದ ಮೇಲೆ ಉಣ್ಣಬೇಕು. ರವುಲೊನ ಹೆಂಡತಿ ಲೆವಾತು ಎಲೆಯ ಮೇಲೆ ಬೇಯಿಸಿದ ಗೆಣಸು ತಂದಿಟ್ಟಳು. ಸೋಕೊ ಎರಡು ದಿನದಿಂದ ಉಂಡಿರಲಿಲ್ಲ, ಗಬಗಬನೆ ಬಾಯಿಗೆ ಹಾಕಿಕೊಂಡನು. ಮೂರನೆಯ ತುತ್ತಿಗೆ ಅಗಿಯುವುದನ್ನು ನಿಲ್ಲಿಸಿದನು. ಗೆಣಸು ನಾರುನಾರಾಗಿತ್ತು, ಸಿಹಿ ಹೆಚ್ಚಾಗಿತ್ತು. ಸಿಪ್ಪೆಯ ಮೇಲೆ ಮೊಳಕೆ ಚಿವುಟಿದ ಗುರುತಿತ್ತು. ಮಣ್ಣಿನಲ್ಲಿ ದುಡಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಯೆತ್ತಿ ನೋಡಿದರೆ ಒಲೆಯ ಮೇಲೆ ಇನ್ನೊಂದು ಮಡಕೆ ಇರಲಿಲ್ಲ.

"ಅತ್ತೇ, ಇದು ಯಾವ ಗೆಣಸು?"

"ಉಣ್ಣಪ್ಪ," ಎಂದಳು ಲೆವಾತು. "ಉಣ್ಣೋವಾಗ ಅದೆಲ್ಲ ಕೇಳ್ಬಾರ್ದು."

ಸೋಕೊ ಎಲೆಯಲ್ಲಿದ್ದುದನ್ನು ಪೂರ್ತಿ ಉಂಡನು. ಬಿಡುವುದೂ ಅವಮಾನವಲ್ಲವೇ. ಬರಿಗೈಯಲ್ಲಿ ಹೋದರೆ ತನ್ನ ದ್ವೀಪ ಬದುಕುವುದಿಲ್ಲ, ಕಣಜ ತೆಗೆದುಕೊಂಡರೆ ತಾಯಿ ಹುಟ್ಟಿದ ಊರು ಬದುಕುವುದಿಲ್ಲ. ಅವನು ಎದ್ದು ಹೊರಗೆ ಬಂದಾಗ ಊರಿಗೆ ಊರೇ ಅಂಗಳದಲ್ಲಿ ಕಾದಿತ್ತು. ಕಣಜದ ತೆರೆದ ಬಾಗಿಲ ಮುಂದೆ ಒಂದು ಗಳಿಗೆ ನಿಂತನು. ಆಮೇಲೆ ಅದನ್ನು ದಾಟಿ ಹೋಗಿ, ಗಂಡಸರು ಕೊಡಲಿ ಮಸೆಯುತ್ತಿದ್ದ ಆ ದೊಡ್ಡ ಕಲ್ಲಿನ ಮೇಲೆ ಅಂಗೈ ಇಟ್ಟು, "ಇದು ನಂದು. ದೋಣಿಗೆ ಭಾರ ಆಗತ್ತೆ, ಇಲ್ಲೇ ಇರ್ಲಿ ಮಾವ" ಎಂದನು.

ಊರು ಉಳಿಯಿತು, ಕಟ್ಟಳೆಯೂ ಉಳಿಯಿತು. ಆದರೆ ಯಾರಿಗೂ ಸಂತೋಷವಾಗಲಿಲ್ಲ. ಆ ಹುಡುಗ ಏನು ಬಿಟ್ಟುಕೊಟ್ಟನೆಂದು ಎಲ್ಲರಿಗೂ ಗೊತ್ತಿತ್ತು. ಮಾವ ಕೊಡುವಂತಿಲ್ಲ, ಅಳಿಯ ಇನ್ನೊಮ್ಮೆ ತೆಗೆದುಕೊಳ್ಳುವಂತಿಲ್ಲ. ಆಗ ಲೆವಾತು ಕಣಜದೊಳಗೆ ಹೋಗಿ ಒಂದು ಬುಟ್ಟಿ ಗೆಣಸು ಹೊತ್ತು ತಂದು, ಯಾರ ಮುಖವನ್ನೂ ನೋಡದೆ ಕಲ್ಲಿನ ಮೇಲೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು ಹೋದಳು, ಮತ್ತೊಬ್ಬಳು ಹೋದಳು. ಕಣಜ ಅರ್ಧವಾಗುವವರೆಗೆ ಹೆಂಗಸರು ಹೊತ್ತರು. ರವುಲೊಗೆ ಹೊಳೆದಾಗ ಅವನ ಕಣ್ಣಲ್ಲಿ ನೀರಿತ್ತು.

"ಅಳಿಯಾ, ನಿನ್ನ ಕಲ್ಲಿನ ಮೇಲೆ ಏನೋ ಬಿದ್ದಿದೆ ನೋಡು," ಎಂದನು. "ಕಲ್ಲು ನಿಂದು ಅಂದ್ಮೇಲೆ ಅದೂ ನಿಂದೇ. ನಮ್ಮನ್ಯಾಕೆ ಕೇಳ್ತೀಯ?"

ಸೋಕೊ ಕದಲಲಿಲ್ಲ. ಪಕ್ಕೆಲುಬು ಕಾಣುವ ಅಷ್ಟು ಜನರ ಕಣ್ಣೆದುರಿಗೆ ಅವರ ಅನ್ನಕ್ಕೆ ಕೈ ಹಾಕಲು ಅವನಿಂದ ಆಗಲಿಲ್ಲ. ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟನು. ರವುಲೊ ಊರಿನವರ ಕಡೆಗೆ ಕೈ ಎತ್ತಿ, "ಎಲ್ರೂ ಕಡಲ ಕಡೆ ತಿರುಗಿ" ಎಂದನು. ಮುದುಕರು, ಬಾಣಂತಿಯರು, ಎಲ್ಲರೂ ತಿರುಗಿ ನಿಂತರು. ಬೆನ್ನ ಹಿಂದೆ ದೋಣಿಯವರ ಕಾಲಸಪ್ಪಳ ತೊರೆಯ ಕಡೆಗೆ ಎಷ್ಟೋ ಸಲ ಹೋಗಿ ಬಂದಿತು. ಅದು ಪೂರ್ತಿ ನಿಂತ ಮೇಲೆಯೇ ಅವರು ಇತ್ತ ತಿರುಗಿದರು.

ಆ ವರ್ಷ ಎರಡೂ ಊರು ಅರ್ಧರ್ಧ ನೆಟ್ಟವು, ಅರೆಹೊಟ್ಟೆ ಉಂಡವು, ಒಂದು ಸಾವೂ ಆಗಲಿಲ್ಲ ಎನ್ನುತ್ತಾರೆ. ಒಂದೂ ಸಾವಿಲ್ಲವೆಂದರೆ ನಾನು ನಂಬಲಾರೆ ಎಂದೆ. "ನಂಬ್ಬೇಡಿ," ಎಂದರು ಬೂಬೂ, "ನಂಗೂ ಅನುಮಾನವೇ. ಆದ್ರೆ ಗೆಣಸು ಹಂಚಿದ್ದು ಸುಳ್ಳಲ್ಲ." ಅವರು ತೀರಿಕೊಂಡು ಈಗ ಬಹಳ ವರ್ಷಗಳಾದವು.

ಇಂದು ವಾತುನಿವಸುವಿಗೆ ಹೋದವರು ಆ ಕಲ್ಲಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣನ್ನೋ, ಒಂದು ಪೌಂಡು ಬ್ರೆಡ್ಡನ್ನೋ, ಕೆಸುವಿನ ಗೆಡ್ಡೆಯ ಕಟ್ಟನ್ನೋ ಕಾಣಬಹುದು. ಇಟ್ಟವರು ಯಾರೆಂದು ಹೇಳುವವರಿಲ್ಲ. ಕೆಲಸ ಹೋದವನೊಬ್ಬ, ಕೂಸನ್ನು ಎತ್ತಿಕೊಂಡವಳೊಬ್ಬಳು ಅನುಮಾನಿಸುತ್ತ ಕಲ್ಲಿನತ್ತ ಹೆಜ್ಜೆ ಹಾಕಿದ ಕೂಡಲೇ ನಿಲ್ದಾಣದಲ್ಲಿ ಬಸ್ಸಿಗೆ ಕಾದವರೆಲ್ಲ, ಫಿಜಿಯವರು, ಹಿಂದೂಗಳು, ಮುಸಲ್ಮಾನರು, ಚೀನೀ ಅಂಗಡಿಯವನು, ಮಾತು ನಿಲ್ಲಿಸಿ ಕಡಲ ಕಡೆಗೆ ತಿರುಗಿ ನಿಲ್ಲುತ್ತಾರೆ. ಊರಿಗೆ ಹೊಸಬರು ಯಾವುದೋ ಹಡಗು ಬಂದಿರಬೇಕೆಂದು ತಾವೂ ಕತ್ತು ಚಾಚಿ ನೋಡುತ್ತಾರೆ. ಹಡಗು ಇರುವುದಿಲ್ಲ. ಅವರು ಇತ್ತ ತಿರುಗುವಷ್ಟರಲ್ಲಿ ಕಲ್ಲು ಬರಿದಾಗಿರುತ್ತದೆ.