ಸೂರಿಲ್ಲದ ಮನೆಗೆ ಬಂದ ಸೊಸೆ

ಒಂದಾನೊಂದು ಕಾಲ ಅಂದ್ಕೋ ಪುಟ್ಟಾ, ಬಸ್ಸು ರೈಲು ಇನ್ನೂ ಹುಟ್ಟೇ ಇರದ ಕಾಲ. ಸಮುದ್ರದ ದಂಡೇಲಿ ನಾರ್ಣ ಅಂತ ಒಬ್ಬ ಇದ್ದನಂತೆ, ಅವನ ಹೆಂಡತಿ ಅಕ್ಕಣಿ, ಅವರಿಗೆ ಒಬ್ಬಳೇ ಮಗಳು ಮುತ್ತು. ಬಯಲುಸೀಮೆಯಿಂದ ಹುಲಿಗೆಪ್ಪ ಅನ್ನೋ ಹುಡುಗ ಗಾಡೀಲಿ ಜೋಳ ಹೇರ್ಕೊಂಡು ಬಂದು, ತೆಂಗಿನಕಾಯಿ ಹೇರ್ಕೊಂಡು ಹೋಗ್ತಿದ್ದನಂತೆ. ಹಾಗೆ ಹೋಗ್ತಾ ಬರ್ತಾ ಮುತ್ತು ಕಣ್ಣಿಗೆ ಬಿದ್ದಳು, ಮದುವೆನೂ ಆಯ್ತು. ಹೊರಡೋವಾಗ ನಾರ್ಣ ಮಗಳ ತಲೆ ಸವರಿ, ಅಲ್ಲಿ ಹಿಡಿಸ್ದಿದ್ರೆ ಹೆದ್ರಬೇಡ ಹೆಣ್ಣೆ, ಸೆಕೆಗಾಲದಲ್ಲಿ ನಾನೇ ಬಂದು ಕರ್ಕಂಡ್ ಬತ್ತೆ ಅಂದನಂತೆ. ಹುಲಿಗೆಪ್ಪ ಅದನ್ನ ಕೇಳಿ ಬೇಗ ಬೇಗ ಎತ್ತು ಹೂಡಿದ.

ಆಮೇಲೆ ಗಾಡಿ ಘಟ್ಟ ಹತ್ತಿತು. ಎಲ್ಲಿ ನೋಡಿದ್ರೂ ಮರ, ಮರದ ಮೇಲೆ ಮೋಡ. ಈ ಗುಡ್ಡದಜ್ಜ ನಿಮ್ಮ ಸಮುದ್ರದ ಮೋಡಾ ಎಲ್ಲಾ ತಡದು ಕೊಡಗಟ್ಟಲೆ ಕುಡೀತಾನ, ತಳದಾಗ ಉಳದದ್ದು ನಮಗ ಅಂದನಂತೆ ಹುಲಿಗೆಪ್ಪ. ಘಟ್ಟ ದಾಟಿದ್ದೇ ತಡ, ಮರಗಳೆಲ್ಲ ಹಿಂದೆ ಉಳಿದ್ವು. ಬರೀ ಕರಿ ನೆಲ, ಕಣ್ಣು ಹಾಯೋವಷ್ಟು ಆಕಾಶ. ಕೂತು ಅಳೋಕೆ ಒಂದು ಗಿಡದ ಮರೆನೂ ಇಲ್ವಲ್ಲ ಅನ್ನಿಸ್ತಂತೆ ಮುತ್ತುಗೆ.

ಮನೆ ಮುಂದೆ ಅತ್ತೆ ದುರಗವ್ವ ಆರತಿ ಹಿಡಿದು ನಿಂತಿದ್ದಳು. ಮುತ್ತು ಗೋಡೆ ನೋಡಿದಳು, ಬಾಗಿಲು ನೋಡಿದಳು, ತಲೆ ಎತ್ತಿ ಮೇಲೆ ನೋಡಿದಳು, ಸೂರೇ ಇಲ್ಲ! ಅವಳೂರಲ್ಲಿ ಮನೆ ಅಂದ್ರೆ ಜಾರು ಸೂರು ಇರ್ಲೇಬೇಕು, ಇಲ್ದಿದ್ರೆ ಆಷಾಢದ ಮಳೆಗೆ ಮನೇನೇ ತೇಲಿ ಹೋಗುತ್ತೆ. ಇಲ್ಲಿ ನೋಡಿದ್ರೆ ಮಣ್ಣಿನ ಚಪ್ಪಟೆ ಮಾಳಿಗೆ. ಅಯ್ಯೋ, ಕಟ್ಟಿ ಮುಗಿಸದ ಮನೆಗೆ ತಂದ್ರಲ್ಲ ನನ್ನ ಅಂತ ಗೊಳೋ ಅಂದಳಂತೆ. ಗಾಡಿ ಕಮಾನಾದ್ರೂ ತಲೆ ಮೇಲಿದೆ ಅಂತ ಗಾಡೀಲೇ ಕೂತಳು, ಇಳೀಲೇ ಇಲ್ಲ. ದುರಗವ್ವ ರೊಟ್ಟಿ ಪಲ್ಯ ಅಲ್ಲಿಗೇ ತಂದು ಕೊಡೋಳು. ಎಂಥಾ ಹಟಮಾರಿ ನೋಡು, ನಿನ್ನ ಹಾಗೇ.

ಹುಲಿಗೆಪ್ಪನಿಗೆ ಹೆಂಡತಿ ಮೇಲೆ ಪ್ರಾಣ. ಮಾಳಿಗೆ ಮೇಲೆ ತೆಂಗಿನ ಗರಿ ಹೊದಿಸಿದ, ಬಯಲ ಗಾಳಿ ಅದನ್ನ ಪಕ್ಕದೂರಿಗೆ ಒಯ್ತು. ಜೋಳದ ದಂಟು ಹೊದಿಸಿದ, ದನಗಳು ಎಳೆದೆಳೆದು ತಿಂದ್ವು. ಆಮೇಲೆ ಗುಡ್ಡದ ಹುಲ್ಲು ತಂದು ಹೊದಿಸಿದ, ಒಲೆ ಕಿಡಿ ಹಾರಿ ಬೂದಿ ಆಯ್ತಂತೆ.

ಅಷ್ಟರಲ್ಲಿ ಬೇಸಿಗೆ ಬಂತು. ಗಾಡಿಯೊಳಗೆ ಮುತ್ತು ಬೆಂದು ಹೋದಳು. ಒಂದು ಸಂಜೆ ದುರಗವ್ವ ಬಂದು, ಒಂದ್ ಸರ್ತಿ ಮ್ಯಾಲ ಬಾ ನನ್ನವ್ವ, ಸೇರಲಿಲ್ಲಂದ್ರ ನಾನ ಎತ್ತು ಕಟ್ಟಿ ಕಳಸ್ತೀನಿ ಅಂದಳಂತೆ. ಮುತ್ತು ಏಣಿ ಹತ್ತಿದಳು. ಹತ್ತಿ ನೋಡಿದ್ರೆ, ಸೆಕೆಗೆ ಅಲ್ಲೇ ಮಲಗೋಕೆ ಅಂತ ಊರಿಗೆ ಊರೇ ಮಾಳಿಗೆ ಮೇಲಿದೆ! ಒಬ್ಬಳು ಈ ಮಾಳಿಗೆಯಿಂದ ಆ ಮಾಳಿಗೆಗೆ ಮೊಸರು ದಾಟಿಸ್ತಾಳೆ, ಒಬ್ಬ ಮುದುಕ ಪದ ಹೇಳ್ತಾನೆ, ಪಕ್ಕದವಳು ಬಾರವ್ವ ಹೆರಳ ಹಾಕ್ತೀನಿ ಅಂತ ಕರೀತಾಳೆ. ಮುತ್ತು ಊರಲ್ಲಿ ತೋಟಕ್ಕೊಂದು ಮನೆ, ಕೂಗಿದ್ರೂ ಯಾರಿಗೂ ಕೇಳ್ಸಲ್ಲ. ಇಷ್ಟು ಜನರ ದನಿ ಅವಳು ಒಟ್ಟಿಗೆ ಕೇಳೇ ಇರ್ಲಿಲ್ವಂತೆ.

ಅತ್ತೇ, ಮಳೆ ಬಂದ್ರೆ ಎಂತ ಮಾಡೂದು ಅಂದಳು. ಮಳಿ ಬಂದ್ರ ಎಲ್ಲಾರೂ ಓಡಿ ಬಂದು ಇಲ್ಲೇ ಮೈ ತೋಸ್ಕೋತೀವಿ, ನಿಮ್ಮೂರಿಗೆ ಬಂದಂಗ ಅದು ನಮ್ಮೂರಿಗೆ ದಿನಾ ಬರ್ತದೇನು ಅಂದಳಂತೆ ದುರಗವ್ವ. ಮಳೆಗೆ ಇಷ್ಟು ಆಸೆಪಡೋ ಅತ್ತೆನ ನೋಡಿ ಮುತ್ತುಗೆ ಪಾಪ ಅನ್ನಿಸ್ತು, ಹೋಗಿ ಅವಳ ಮಗ್ಗುಲಲ್ಲೇ ಮಲಗಿದಳು.

ಹೇಳಿದ ಹಾಗೆ ನಾರ್ಣ ಬಂದ. ಅಂಗಳದಲ್ಲಿ ನಿಂತು, ಇದೆಂಥ ಮನೆ ಮಾರಾಯ್ರೇ, ಸೂರು ಎಲ್ಲಿತ್ತು, ಹೊರಡು ಮಗಾ ಅಂತ ಕೂಗಿದ. ಮೇಲಿಂದ ಮುತ್ತು, ಅಪ್ಪಯ್ಯಾ, ನಾ ಬತ್ತಿಲ್ಲೆ, ನೀವೇ ಮೇಲೆ ಬನ್ನಿ ಅಂದಳಂತೆ. ಹತ್ತಿ ಮಲಗಿದವನು ಬೆಳಿಗ್ಗೆ ಬಿಸಿಲೇರಿದ್ರೂ ಏಳಲಿಲ್ಲ. ಆಮೇಲೆ ಮಗಳ ನಗುಮುಖ ನೋಡ್ಕೊಂಡು ಒಬ್ಬನೇ ವಾಪಸ್ ಹೋದನಂತೆ.

ಹೋದವನು ಸುಮ್ನಿರ್ತಾನಾ? ಚಾಪೆ ಹಿಡ್ಕೊಂಡು ತನ್ನ ಜಾರು ಸೂರು ಹತ್ತಿದ, ಸರ್‍ರನೆ ಜಾರಿ ಹುಲ್ಲಿನ ರಾಶಿ ಮೇಲೆ ಬಿದ್ದ. ಅಕ್ಕಣಿ ಬೈತಾ ಬೈತಾ ಬೆನ್ನಿಗೆ ಎಣ್ಣೆ ತಿಕ್ಕಿದಳು. ಎಂತಕ್ಕೆ ಹತ್ತಿದ್ದು ಅಂದ್ರೆ, ಹೆಣ್ಣಿನ ಮಾಳಿಗೆ ಕಾಣುತ್ತಾ ನೋಡುಕೆ ಅಂದನಂತೆ. ಅವಳ ಕೈ ನಿಂತು ಹೋಯ್ತು. ಆಮೇಲೆ ಮೆಲ್ಲಗೆ, ಕಂಡ್ತಾ ಅಂದಳು. ಇಲ್ಲೆ, ಗುಡ್ಡ ಅಡ್ಡ ಇತ್ತು ಅಂದ.

ಅಡ್ಡ ಇದ್ರೆ ದಾಟುವ, ಏಳಿ ಅಂದಳಂತೆ ಅಕ್ಕಣಿ. ಹಾಗೆ ಘಟ್ಟ ಹತ್ತಿ ಇಳಿದು ಹೋದವಳು ಮಳೆಗಾಲ ಬರೋವರೆಗೂ ಬೀಗಿತ್ತಿ ಮಾಳಿಗೆ ಬಿಟ್ಟು ಕದಲಲೇ ಇಲ್ವಂತೆ. ಅಲ್ಲಿ ಅವರೆಲ್ಲ ಸಾಲಾಗಿ ಮಲಗಿದ್ರು, ಇಲ್ಲಿ ನನ್ನ ಕತೆನೂ ಮುಗೀತು. ಕಣ್ಣು ಮುಚ್ಚು ಬಂಗಾರ.