ವಾಲಿದ ಬಣವೆ

"ಗುರುಗಳೇ, ಕೆಲಸ ಬಲ್ಲವನು ಒಬ್ಬನಿದ್ದರೆ ಸಾಲದೇ? ಉಳಿದವರು ಅವನು ಹೇಳಿದಂತೆ ಕೇಳಿಕೊಂಡು ಹೋದರೆ ಆಗದೇ?" ಎಂದು ಅಡವೀಶ ಕೇಳಿದ.

ಮಠದ ಕೊಟ್ಟಿಗೆಗೆ ಗೋಡೆ ಕಟ್ಟುವ ಕೆಲಸವನ್ನು ಗುರುಗಳು ಆರು ಮಂದಿ ಶಿಷ್ಯರಿಗೆ ಒಟ್ಟಾಗಿ ವಹಿಸಿದ್ದರು. ಅಡವೀಶ ಗಾರೆ ಕೆಲಸದವರ ಮನೆಯಿಂದ ಬಂದವನು. ಉಳಿದ ಐವರಿಗೆ ಕಲ್ಲು ಹಿಡಿದೂ ಗೊತ್ತಿರಲಿಲ್ಲ. ಬೆಳಗಿನಿಂದ ಅವರಿಗೆ ಹೇಳಿ ಹೇಳಿ ಅವನ ಗಂಟಲು ಕಟ್ಟಿಹೋಗಿತ್ತು.

ಗುರುಗಳು ಅವನ ಕೆಸರು ಮೆತ್ತಿದ ಮೊಣಕೈ ನೋಡಿ ನಕ್ಕರು. "ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಹುಲ್ಲಿನ ಬಣವೆ ಒಟ್ಟುವುದರಲ್ಲಿ ಅವನದು ಎತ್ತಿದ ಕೈ. ಅವನ ಕೇರಿಯಲ್ಲಿ ನೀರು ನಿಲ್ಲದ ಜಾಗ ಇದ್ದುದು ಒಂದೇ. ಹಾಗಾಗಿ ಏಳು ಮನೆಯವರೂ ತಮ್ಮ ರಾಗಿಹುಲ್ಲನ್ನು ತಂದು ಅಲ್ಲಿ ಒಂದೇ ಬಣವೆ ಮಾಡುತ್ತಿದ್ದರು. ಏಳು ಮನೆಯ ದನಗಳಿಗೂ ಮಳೆಗಾಲ ಮುಗಿಯುವವರೆಗೆ ಅದೇ ಮೇವು. ಬಣವೆ ನೆಟ್ಟಗಿದ್ದರೆ ಮಳೆನೀರು ಜಾರಿಹೋಗುತ್ತದೆ. ವಾಲಿದರೆ ಒಳಕ್ಕಿಳಿದು ಹುಲ್ಲು ಕೊಳೆಯುತ್ತದೆ.

ಆ ಊರಲ್ಲಿ ಒಂದು ಪದ್ಧತಿ. ಮೇಲಿನ ಕೇರಿಯವರು, ಕೆಳಗಿನ ಕೇರಿಯವರು ಒಂದೇ ದಿನ ಬಣವೆ ಒಟ್ಟಲು ನಿಲ್ಲುತ್ತಿದ್ದರು. ಹಿಂದೆ ಬಿದ್ದ ಕೇರಿ ಮುಂದಾದ ಕೇರಿಗೆ ಹೋಳಿಗೆ ಊಟ ಹಾಕಬೇಕು. ನಮ್ಮ ರೈತನದು ಕೆಳಗಿನ ಕೇರಿ. ಅವನು ಬಣವೆ ಹತ್ತಿ ಒಟ್ಟತೊಡಗಿದ ಮೇಲೆ ಆ ಕೇರಿಯವರು ಒಮ್ಮೆಯೂ ಸೋತು ಹೋಳಿಗೆ ಹಾಕಿದ್ದಿಲ್ಲ. ಅದನ್ನು ಅವನು ಮರೆಯುತ್ತಲೂ ಇರಲಿಲ್ಲ, ಯಾರಿಗೂ ಮರೆಯಲು ಬಿಡುತ್ತಲೂ ಇರಲಿಲ್ಲ. ಮನುಷ್ಯ ಒಳ್ಳೆಯವನೇ. ಆದರೆ ಬಣವೆ ಹತ್ತಿದನೆಂದರೆ ಅವನ ಕಿವಿ ಮಾತ್ರ ನೆಲದಲ್ಲೇ ಉಳಿದುಬಿಡುತ್ತಿತ್ತು.

ಆ ವರ್ಷವೂ ಅವನು ಮೇಲೆ ನಿಂತ. ಹೆಂಡತಿ, ನೆರೆಹೊರೆಯವರು ಕೆಳಗಿನಿಂದ ಕಂತೆ ಎಸೆದರು. ಅವನು ಹಿಡಿದು ಹಿಡಿದು ಸುತ್ತ ಜೋಡಿಸಿದ. ಒಂದು ಸುತ್ತು ಮುಗಿದಾಗಲೆಲ್ಲ ಕಾಲಿನಿಂದ ತುಳಿದು ಸಮ ಮಾಡಿದ. ತಾನೇ ಸಮ ಮಾಡಿದ ನೆಲದ ಮೇಲೆ ನಿಂತವನಿಗೆ ಎಲ್ಲವೂ ಸಮವಾಗಿಯೇ ಇತ್ತು. ಅಷ್ಟರಲ್ಲಿ ಆಕಾಶದಲ್ಲಿ ಮೋಡ ಕಟ್ಟಿತು. ಅವನು ಇನ್ನಷ್ಟು ಅವಸರ ಮಾಡಿದ. ತುದಿಗೆ ಇನ್ನು ಎರಡು ಸುತ್ತು ಇದೆ ಎನ್ನುವಾಗ ಬಣವೆ ನಿಧಾನವಾಗಿ ಒಂದು ಪಕ್ಕಕ್ಕೆ ಜಾರಿತು. ಅರ್ಧ ಹುಲ್ಲಿನ ಜೊತೆಗೆ ರೈತನೂ ನೆಲಕ್ಕೆ ಬಂದ.

ಪೆಟ್ಟೇನೂ ಆಗಲಿಲ್ಲ. ಹೆಂಡತಿ ಓಡಿಬಂದು ಅವನ ತಲೆಯಲ್ಲಿ ಸಿಕ್ಕಿಕೊಂಡ ಹುಲ್ಲು ಆರಿಸತೊಡಗಿದಳು. ಅವನು ಬಿದ್ದ ರಾಶಿಯನ್ನೇ ನೋಡುತ್ತ ಕೇಳಿದ:

"ವಾಲ್ತಿದ್ದದ್ದು ನಿನಗೆ ಕಾಣ್ಲಿಲ್ವೇನೇ?"

"ಕಾಣ್ತಿತ್ತು. ಎಲ್ರಿಗೂ ಕಾಣ್ತಿತ್ತು."

"ಮತ್ಯಾಕೆ ಒಬ್ರೂ ಬಾಯಿ ಬಿಡ್ಲಿಲ್ಲ?"

"ಹೋದ ವರ್ಷ ಬಿಟ್ಟಿದ್ವಲ್ಲ" ಎಂದಳು ಅವಳು.

ರೈತನಿಗೆ ನೆನಪಾಯಿತು. ಹೋದ ವರ್ಷ ಇವಳೇ ಕೆಳಗಿನಿಂದ ಕೂಗಿ ಹೇಳಿದ್ದಳು, ಎಡಕ್ಕೆ ಹೆಚ್ಚಾಯಿತು ಎಂದು. ಒಟ್ಟುವವನು ನಾನೋ ನೀನೋ, ಸುಮ್ಮನೆ ಕಂತೆ ಎಸಿ ಎಂದು ಅವನು ಎಲ್ಲರೆದುರು ಗದರಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಈಗ ಅವನಿಗೆ ಬಿದ್ದದ್ದಕ್ಕಿಂತ ಆ ನಗು ಹೆಚ್ಚು ನೋವು ಕೊಟ್ಟಿತು. ಏಳು ಮನೆಯ ಮೇವು ಮೋಡದ ಕೆಳಗೆ ಬಿದ್ದಿತ್ತು.

ಅವನು ಎದ್ದು ಮತ್ತೆ ಮೊದಲಿನಿಂದ ಶುರುಮಾಡಿದ. ಒಂದೊಂದು ಸುತ್ತಿಗೂ ನಿಂತು, "ಹೆಂಗಿದೆ?" ಎಂದು ಕೇಳಿದ. ಮೊದಲ ಮೂರು ಸುತ್ತು ಯಾರೂ ಉತ್ತರ ಕೊಡಲಿಲ್ಲ. ನಾಲ್ಕನೆಯ ಸುತ್ತಿಗೆ ಹೆಂಡತಿ ಅಳುಕುತ್ತಲೇ, "ಬಲಕ್ಕೆ ಒಂದು ಕಂತೆ ಹೆಚ್ಚಾಯ್ತೇನೋ" ಎಂದಳು. ಅವನ ಕಾಲಿಗೆ ಸರಿಯಾಗಿಯೇ ತೋರುತ್ತಿತ್ತು. ಆದರೂ ಅವನು ಕಂತೆ ತೆಗೆದ. ಅದನ್ನು ನೋಡಿದ ಮೇಲೆ ಪಕ್ಕದ ಮನೆಯ ಮುದುಕ ಬಾಯಿ ಬಿಟ್ಟ. ಆಮೇಲೆ ಆ ಮುದುಕನ ಸೊಸೆ. ತುದಿ ಮುಟ್ಟುವ ಹೊತ್ತಿಗೆ ಏಳು ಮನೆಯವರೂ ಒಟ್ಟಿಗೆ ಕೂಗಿ ಕೂಗಿ ರೈತನ ತಲೆ ಗಿರ್ರೆನ್ನುತ್ತಿತ್ತು. ಹಗ್ಗ ಬಿಗಿದು ಅವನು ಕೆಳಗಿಳಿದ ಸ್ವಲ್ಪ ಹೊತ್ತಿಗೇ ಮಳೆ ಬಂತು. ಹುಲ್ಲು ನೆನೆಯಲಿಲ್ಲ. ಪಂದ್ಯವೇನೋ ಸೋತಿದ್ದರು. ರೈತ ತಾನೇ ಒಲೆ ಮುಂದೆ ಕೂತು ಮೇಲಿನ ಕೇರಿಯವರಿಗೆ ಹೋಳಿಗೆ ಬೇಯಿಸಿ ಬಡಿಸಿದ. ಒಂದೆರಡು ಸೀದವು. ಸೀದಿದೆ ಎಂದು ಹೆಂಡತಿ ಹೇಳಿದಳು, ಅವನು ಕೇಳಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನಿಗೆ ಸಮಾಧಾನವಾಗಲಿಲ್ಲ.

"ಏನೇ ಆಗಲಿ ಗುರುಗಳೇ, ಕಣ್ಣಾರೆ ಕಂಡೂ ಆ ಜನ ಸುಮ್ಮನಿದ್ದದ್ದು ತಪ್ಪಲ್ಲವೇ?" ಎಂದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ತಪ್ಪೇ, ಮಗು. ಆದರೆ ಅದನ್ನು ಅವರಿಗೆ ಕಲಿಸಿದವನು ಮೇಲೆ ನಿಂತಿದ್ದ."