ಕುಂಬಳಕಾಯಿ ಹಿಡಿದು ನಿಂತ ಚರಿತ್ರೆಕಾರ

“ಬುದ್ಧಿ, ಊರ ಕಡೆ ಮನಸ್ಸು ಎಳೆಯುತ್ತಲೇ ಇರುತ್ತದೆ. ಹಿಡಿದ ಓದು ಮುಂದಕ್ಕೆ ಹೋಗುತ್ತಿಲ್ಲ. ಈ ಹಂಬಲವನ್ನು ಕೊಂದುಕೊಳ್ಳುವುದು ಹೇಗೆ?” ಎಂದು ಚನ್ನಮಲ್ಲನೆಂಬ ಶಿಷ್ಯ ಕೇಳಿದ.

ಗುರುಗಳು ಮೊರದಲ್ಲಿ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಕೂತ್ಕೋ ಅಪ್ಪಾ. ಒಬ್ಬ ಚರಿತ್ರೆಕಾರನ ಕತೆ ಹೇಳ್ತೀನಿ,” ಎಂದರು.

ಬಡಗಣ ದಿಕ್ಕಿನಲ್ಲಿ ಬಹಳ ದೂರ ಉಕ್ರೇನು ಅಂತ ಒಂದು ಸೀಮೆ. ಕಪ್ಪು ಮಣ್ಣು, ಗೋಧಿ ಬೆಳೆ, ನಡುವೆ ಒಂದು ದೊಡ್ಡ ಹೊಳೆ. ಪಕ್ಕದ ರಾಜ್ಯದ ದೊರೆ ಆಗ ಅದನ್ನು ಆಳುತ್ತಿದ್ದ. ನಿಮಗೆ ನಿಮ್ಮದು ಅಂತ ನುಡಿಯಿಲ್ಲ, ನಿಮ್ಮದು ಅಂತ ಹಿಂದಿನ ಕತೆಯಿಲ್ಲ, ನೀವು ನಮ್ಮ ಮನೆಯ ಹಿತ್ತಿಲು ಅಷ್ಟೇ ಅಂತ ಆಳುವವರು ಅಲ್ಲಿಯ ಜನಕ್ಕೆ ಹೇಳುತ್ತಿದ್ದರು. ಬಹಳ ಕಾಲ ಕೇಳಿದ ಮಾತು ನೋಡು, ಜನ ನಂಬಿಯೂ ಬಿಟ್ಟಿದ್ದರು.

ಈ ಚರಿತ್ರೆಕಾರ ಬೆಳೆದದ್ದು ಆ ಮಣ್ಣಿನಲ್ಲಲ್ಲ. ಅವನ ಅಪ್ಪ ಮೇಷ್ಟರು. ದೂರದ ಬೆಟ್ಟದ ನಾಡಿಗೆ ವರ್ಗವಾಗಿ ಹೋಗಿದ್ದರು. ಅಪ್ಪ ಮನೆಯಲ್ಲಿ ಆಡುವ ನುಡಿ, ಕೆಲಸ ಮುಗಿದ ಮೇಲೆ ಗುನುಗುವ ಹಾಡು, ಅಷ್ಟೇ ಅವನಿಗೆ ಗೊತ್ತಿದ್ದ ಊರು. ಕಾಣದ ಊರಿಗಾಗಿ ಅವನು ಹಂಬಲಿಸಿದ. ಹಂಬಲಿಸಿ ಹಂಬಲಿಸಿ ಓದಿದ. ದೊಡ್ಡವನಾದ ಮೇಲೆ ಆ ಜನದ ಕತೆಯನ್ನು ಬುಡದಿಂದ ಬರೆಯಲು ಕೂತ. ಸಂಪುಟದ ಮೇಲೆ ಸಂಪುಟ ಬರೆದ. ಸಾಕ್ಷಿಯಿಲ್ಲದೆ ಒಂದು ಮಾತೂ ಬರೆಯುವವನಲ್ಲ. ಒಂದೇ ಸಂಗತಿಯನ್ನು ಎರಡು ಹಳೆಯ ಕಾಗದ ಎರಡು ಥರ ಹೇಳಿದರೆ, ಇನ್ನೊಂದು ಸಿಗುವವರೆಗೂ ತಾಳುತ್ತಿದ್ದ.

ಒಂದು ಕಾಲ ಬಂತು. ದೊರೆಯ ಆಳ್ವಿಕೆ ಬಿದ್ದುಹೋಯಿತು. ಜನ ತಮ್ಮದೇ ಸಭೆ ಕಟ್ಟಿಕೊಂಡರು. “ನಾವು ಯಾರು ಅಂತ ಬಲ್ಲವನು ಇವನೇ, ಇವನೇ ಇರಲಿ,” ಅಂತ ಚರಿತ್ರೆಕಾರನನ್ನು ಎತ್ತಿ ಸಭೆಯ ತಲೆಯಲ್ಲಿ ಕೂರಿಸಿದರು.

ಒಬ್ಬ ರೈತ ಮಗನನ್ನು ಕರೆದುಕೊಂಡು ಅವನ ಮುಂದೆ ಬಂದ. ಟೋಪಿ ತೆಗೆದು ನಿಂತ. “ಸ್ವಾಮಿ, ನಮ್ಮಜ್ಜ ಧಣಿಗೆ ಜೀತ ಮಾಡಿ ಉತ್ತ ಹೊಲವನ್ನೇ ನಾನೂ ಉಳ್ತಾ ಇದೀನಿ. ಈಗಲಾದರೂ ಅದು ನಮ್ಮದು ಅಂತ ಒಂದು ಮಾತು ಹೇಳಿ. ನಮ್ಮ ಕಡೆಯವರೆಲ್ಲ ನಿಮ್ಮ ಬೆನ್ನಿಗೆ ನಿಲ್ತಾರೆ.”

“ಎಲ್ಲ ತೂಗಿ ನೋಡಬೇಕು. ಕಾನೂನು ಆಗಬೇಕು. ತಪ್ಪಾಗಬಾರದು. ಸ್ವಲ್ಪ ತಾಳಪ್ಪ,” ಎಂದ ಚರಿತ್ರೆಕಾರ.

ಪುಸ್ತಕ ಬರೆದು ಬರೆದು ಬಂದ ಅಭ್ಯಾಸ ಅದು. ಸತ್ತು ನೂರಾರು ವರ್ಷವಾದವರು ಎಷ್ಟು ದಿನ ಬೇಕಾದರೂ ತಾಳುತ್ತಾರೆ. ಬದುಕಿರುವವರಿಗೆ ಅಷ್ಟು ಬಿಡುವಿಲ್ಲ ಅನ್ನುವುದು ಅವನಿಗೆ ಹೊಳೆಯಲಿಲ್ಲ.

ರೈತ ಊರಿಗೆ ಹೋದ. ಮಗ, ಆ ಮಾತು ಕೇಳಿಕೊಂಡೇ ಬರ್ತೀನಿ ಅಂತ ಪಟ್ಟಣದಲ್ಲೇ ಉಳಿದ. ಕಾನೂನು ಆಗಿ ಹಳ್ಳಿ ಮುಟ್ಟುವ ಮೊದಲೇ ಪಕ್ಕದ ರಾಜ್ಯದಲ್ಲಿ ದೊರೆಯ ಜಾಗ ಹಿಡಿದ ಹೊಸ ಆಳುವವರ ದಂಡು ಬಂತು. ರೈತರು ಬೆನ್ನಿಗೆ ನಿಲ್ಲಲಿಲ್ಲ. ಯಾಕೆ ನಿಂತಾರು? ದಂಡಿನವರು ಫಿರಂಗಿ ಹಾರಿಸಿದರು. ಚರಿತ್ರೆಕಾರನ ಮನೆ ಹೊತ್ತಿಕೊಂಡಿತು. ಪುಸ್ತಕ, ಹಳೆಯ ಕಾಗದ, ಊರೂರು ತಿರುಗಿ ಕೂಡಿಸಿದ ಕಸೂತಿ ಬಟ್ಟೆ, ಎಲ್ಲ ಬೂದಿಯಾಯಿತು. ರೈತನ ಮಗನೂ ಆ ಗಲಭೆಯಲ್ಲಿ ಸತ್ತ. ಸಭೆ ಚೆದುರಿತು. ಚರಿತ್ರೆಕಾರ ಹೆಂಡತಿ ಮಗಳನ್ನು ಕಟ್ಟಿಕೊಂಡು ಪರದೇಶ ಸೇರಿದ.

ಅಲ್ಲಿ ಅವನಿಗೆ ಭಯವಿರಲಿಲ್ಲ. ಬೆಚ್ಚಗಿನ ಕೋಣೆ, ಓದಲು ಪುಸ್ತಕ, ಮಾತಿಗೆ ಗೆಳೆಯರು. ಹಿಂದಿನ ಕಾಲದಲ್ಲಿ ರೈತರು ಧಣಿಗಳ ಮೇಲೆ ಎದ್ದ ಭಾಗವನ್ನು ಬರೆಯಬೇಕಿತ್ತು. ಕೂತ. ಬರೆದ ಒಬ್ಬೊಬ್ಬ ರೈತನಿಗೂ ಟೋಪಿ ತೆಗೆದು ನಿಂತವನ ಮುಖವೇ ಬಂತು. ಕೈ ನಿಂತಿತು.

ಮಳೆ ಹನಿದರೆ, “ನಮ್ಮ ಕಡೆ ಈಗ ಗೋಧಿ ಮೊಳೆತಿರಬೇಕು,” ಅನ್ನುವನು. ರೊಟ್ಟಿ ಮುರಿದರೆ, “ನಮ್ಮ ಕಡೆಯದು ಕಪ್ಪಗೆ, ಹುಳಿಹುಳಿಯಾಗಿ ಇರುತ್ತೆ,” ಅನ್ನುವನು.

“ಅಪ್ಪಾ, ನೀವು ತುತ್ತು ತಗೊಳ್ಳೋದು ಇಲ್ಲಿ, ಅಗಿಯೋದು ಅಲ್ಲಿ,” ಎಂದು ಮಗಳು ನಗುತ್ತಿದ್ದಳು.

ಹೀಗಿರುವಾಗ ಹೊಸ ಆಳುವವರು ಹೇಳಿ ಕಳಿಸಿದರು. ಬೇಕಾದರೆ ಬಾ, ಬರೆದುಕೊಂಡಿರು, ರಾಜ್ಯದ ಮಾತು ಎತ್ತಬೇಡ ಅಂದರು. ಗೆಳೆಯರು ತಡೆದರು. “ಹೋಗಬೇಡ ಮಾರಾಯ. ಇವತ್ತು ಕುರ್ಚಿ ಹಾಕ್ತಾರೆ, ನಾಳೆ ಬಾಗಿಲು ಹಾಕ್ತಾರೆ. ಇಲ್ಲೇ ಇರು, ಪುಸ್ತಕ ಮುಗಿಯುತ್ತೆ.”

ಬಾಗಿಲು ಹಾಕ್ತಾರೆ ಅನ್ನುವುದು ಅವನಿಗೂ ಗೊತ್ತಿತ್ತು. ಆದರೂ ಹೊರಟ. ಪಟ್ಟಣದಲ್ಲಿ ಗಂಟು ಇಳಿಸಿದವನೇ ಆ ರೈತನ ಹಳ್ಳಿಗೆ ಹೋದ.

ಆ ಸೀಮೆಯಲ್ಲಿ ಒಂದು ಪದ್ಧತಿ ಇದೆ, ಕೇಳು. ಹೆಣ್ಣು ಕೇಳಲು ಗಂಡಿನ ಕಡೆಯವರು ಬಂದಾಗ ಮನಸ್ಸಿಗೆ ಒಪ್ಪದಿದ್ದರೆ, ಬಾಯಲ್ಲಿ ಇಲ್ಲ ಅನ್ನುವುದಿಲ್ಲ. ಒಂದು ಕುಂಬಳಕಾಯಿ ತಂದು ಕೈಗೆ ಕೊಡುತ್ತಾರೆ. ಬಂದವರು ಅದನ್ನು ಹೊತ್ತುಕೊಂಡು ಬಂದ ದಾರಿ ಹಿಡಿಯಬೇಕು. ಊರೆಲ್ಲ ನೋಡಿ ನಗುತ್ತದೆ.

ರೈತನ ಹೆಂಡತಿ ಬೇಲಿಯ ಹತ್ತಿರ ಬಂದವನು ಯಾರು ಅಂತ ಗುರುತು ಹಿಡಿದಳು. ಒಳಗೆ ಹೋಗಿ ದಪ್ಪನೆಯ ಕುಂಬಳಕಾಯಿ ತಂದು ಅವನ ಎರಡೂ ಕೈಗೆ ಇಟ್ಟಳು.

“ನಾನು ಹೆಣ್ಣು ಕೇಳೋಕೆ ಬಂದಿಲ್ಲ ತಾಯಿ,” ಎಂದ ಚರಿತ್ರೆಕಾರ.

“ಗೊತ್ತು. ಹಿಂದೆ ನೀವು ಕೇಳದಿದ್ರೂ ನಿಮ್ಮ ಸಭೆಗೆ ಮಗನನ್ನೇ ಕೊಟ್ವಿ. ಇನ್ನು ಕೊಡೋಕೆ ಏನೂ ಇಲ್ಲ.”

ರೈತ ಕೊಟ್ಟಿಗೆಯಿಂದ ಬಂದ. “ತಾಳು ಅಂದಿದ್ರಿ ಸ್ವಾಮಿ. ನೋಡಿ, ತಾಳಿಕೊಂಡೇ ಇದೀವಿ,” ಎಂದ.

ಚರಿತ್ರೆಕಾರ ಕಾಯಿಯನ್ನು ಕೆಳಗೂ ಇಡಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. “ಅವತ್ತು ಹೇಳಬೇಕಾದ ಮಾತು ಹೇಳಲಿಲ್ಲ. ಹೊಲ ನಿಮ್ಮದೇ ಆಗಿತ್ತು. ಇವತ್ತು ಹಾಗೆ ಹೇಳೋ ಅಧಿಕಾರ ನನಗಿಲ್ಲ. ಆದರೂ ಹೇಳದೆ ಇರೋಕೆ ಆಗಲಿಲ್ಲ, ಬಂದೆ.”

ರೈತ, “ಇಷ್ಟು ವರ್ಷ ಅಲ್ಲಿ ಏನ್ ಮಾಡ್ತಿದ್ರಿ?” ಎಂದ.

“ನಿಮ್ಮ ಅಜ್ಜ ಮುತ್ತಜ್ಜಂದಿರ ಕತೆ ಬರೀತಿದ್ದೆ.”

“ನಮ್ಮಜ್ಜಂದಿರಿಗೆ ಕತೆ ಬೇರೆ ಕೇಡು!” ರೈತ ನಕ್ಕುಬಿಟ್ಟ. “ಹೇಳಿ ನೋಡೋಣ.”

ಚರಿತ್ರೆಕಾರ ನಿಂತಲ್ಲೇ ಹೇಳಿದ. ಹಳ್ಳಿಗಳು ಎದ್ದದ್ದು, ಕುಡುಗೋಲು ಹಿಡಿದು ಹೊರಟದ್ದು, ಒಬ್ಬ ಮುದುಕ ಧಣಿಯ ಪಾರುಪತ್ತೇಗಾರನನ್ನು ಮೂರು ತಲೆಮಾರು ಹಿಡಿದು ಬೈದದ್ದು. ರೈತ ಕುಕ್ಕರುಗಾಲಲ್ಲಿ ಕೂತು ಕೇಳಿದ. “ಆ ಮುದುಕ ನಮ್ಮ ಊರಿನವನೇ ಇರಬೇಕು ಕಣೇ, ಬೈಗುಳ ನಮ್ಮದೇ,” ಎಂದು ಹೆಂಡತಿಯನ್ನು ನೋಡಿದ. ಅವಳು ಹೊಸಿಲಲ್ಲಿ ನಿಂತಿದ್ದಳು. ನಗಲಿಲ್ಲ. ಒಳಗೂ ಹೋಗಲಿಲ್ಲ.

ಬರೆದು ನಿಲ್ಲಿಸಿದ್ದ ಜಾಗಕ್ಕೆ ಬಂದಾಗ ಅವನು ಮಾತು ನಿಲ್ಲಿಸಿದ.

“ಆಮೇಲೇನಾಯ್ತು?” ಎಂದಳು ಅವಳು.

“ಇನ್ನೂ ಬರೆದಿಲ್ಲ ತಾಯಿ.”

ಅವಳು ಮುಂದೆ ಬಂದು ಅವನ ಕೈಯಿಂದ ಕುಂಬಳಕಾಯಿ ತೆಗೆದುಕೊಂಡಳು. ಒಳಗೆ ಒಯ್ದು ಕೊಯ್ದಳು. ಬರಗಿನ ಕಾಳಿನ ಜೊತೆ ಬೇಯಿಸಿ ಬಟ್ಟಲಿಗೆ ಹಾಕಿ ತಂದು ಕೊಟ್ಟಳು. “ಉಣ್ಣಿ. ಬರೆದು ತನ್ನಿ,” ಎಂದಳು.

ಚರಿತ್ರೆಕಾರ ಪಟ್ಟಣಕ್ಕೆ ಬಂದು ಬರೆಯಲು ಕೂತ. ಕೈ ಓಡಿತು. ಕೆಲವು ವರ್ಷ ಹೀಗೆ ಹೋಯಿತು. ಅವನು ಬರೆದದ್ದನ್ನು ಓದಿ ಜನ ತಲೆಯೆತ್ತುತ್ತಾರೆ ಅಂತ ಆಳುವವರಿಗೆ ಅಂಜಿಕೆ ಹುಟ್ಟಿತು. ಅವನನ್ನು ರೈಲು ಹತ್ತಿಸಿ ತಮ್ಮ ರಾಜಧಾನಿಗೆ ಒಯ್ದು ಇಟ್ಟರು. ಊರ ಕಡೆ ಹೋಗಕೂಡದು ಅಂದರು. ಕಣ್ಣು ಮಂಜಾಯಿತು. ಅವನು ಹೇಳುವನು, ಮಗಳು ಬರೆಯುವಳು.

ಅತ್ತ ಆ ಸೀಮೆಯಲ್ಲಿ ಆಳುವವರು ಮನೆಮನೆಯ ಕಾಳನ್ನೂ ಹೊತ್ತೊಯ್ದರು. ಗೋಧಿ ಬೆಳೆದವರೇ ಹಸಿವಿನಿಂದ ಸತ್ತರು. ರೈತನ ಮನೆಯ ಸುದ್ದಿ ಅವನಿಗೆ ಬರಲಿಲ್ಲ. ಹೋಗಿಬರುವವರನ್ನು ಕೇಳಿದರೆ ಅವರು ಬೇರೆ ಮಾತೆತ್ತುತ್ತಿದ್ದರು.

“ಅಪ್ಪಾ, ಸಾಕು, ಮಲಗಿ,” ಅನ್ನುವಳು ಮಗಳು.

“ಇನ್ನೊಂದು ಸ್ವಲ್ಪ ಬರ್ಕೋ ಮಗಳೇ. ಆ ತಾಯಿ ಕೇಳಿದ್ದಾಳೆ,” ಅನ್ನುವನು.

ಹಾಗೆ ಹೇಳುತ್ತಲೇ ಒಂದು ದಿನ ತೀರಿಕೊಂಡ. ಊರು ಕಾಣಲಿಲ್ಲ. ಪುಸ್ತಕ ಮುಗಿಯಲಿಲ್ಲ.

ಗುರುಗಳು ಮೊರ ಕೆಳಗಿಟ್ಟರು. ಚನ್ನಮಲ್ಲನಿಗೆ ತಡೆಯಲಾಗಲಿಲ್ಲ. “ಹಂಬಲವೇ ಅವನನ್ನು ಕೆಡಿಸಿತಲ್ಲ ಬುದ್ಧಿ. ಪರದೇಶದಲ್ಲೇ ಉಳಿದಿದ್ದರೆ ಪುಸ್ತಕವಾದರೂ ಮುಗಿಯುತ್ತಿತ್ತು,” ಎಂದ.

“ಅಲ್ಲಿ ಕೈ ನಿಂತೇ ಹೋಗಿತ್ತಲ್ಲ ಮಗನೇ. ಮುಗಿದಿದ್ದರೂ ಯಾರಿಗಾಗಿ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ,” ಎಂದರು ಗುರುಗಳು. ಚನ್ನಮಲ್ಲ ಎದ್ದು ಹೋಗಿ ತನ್ನ ಪುಸ್ತಕ ಬಿಚ್ಚಿದ.